ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ಆ ಸಂಬಂಧಪಟ್ಟವರು ನಾವೇ ಆದರೆ?

ತಾಲ್ಲೂಕು ವರದಿಗಾರ

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು 17 ವರ್ಷದಿಂದ ತಾಲ್ಲೂಕು ವರದಿಗಾರ. ಮೊದಲ ಆರು ವರ್ಷ ಬಿಡಿ ಸುದ್ದಿಗಾರ, ಅಂದರೆ ಸ್ಟ್ರಿಂಗರ್ ಆಗಿದ್ದೆ, ಅಚ್ಚಾದ ಸುದ್ದಿಯನ್ನು ಸ್ಕೇಲ್ ಇಟ್ಟು ಅಳೆದು ದುಡ್ಡು ಕೊಡುತ್ತಿದ್ದ ಕಾಲ. ಆಮೇಲೆ ಅದೇ ಪತ್ರಿಕೆಯಲ್ಲಿ ಕಾಯಂ ಆದೆ. ಕಳೆದ ತಿಂಗಳು ನಮ್ಮೂರಿನ ಮೇಲಿನ ಕೇರಿಯವರು ಹತ್ತು ಹನ್ನೆರಡು ಜನ ಮನೆಗೆ ಬಂದರು. ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಗೆ ನೀವು ನಿಲ್ಲಲೇಬೇಕು ಅಂತ ಪಟ್ಟು ಹಿಡಿದು ಕೂತರು.

ನಾನು ಎಂದಿನಂತೆ ಹೇಳಿದೆ, ನಮ್ಮ ಕೆಲಸ ಬರೆಯುವುದು, ಆಡಳಿತ ಮಾಡುವುದಲ್ಲ ಅಂತ. ಅವರಲ್ಲಿ ಒಬ್ಬ ಅಜ್ಜಿ ಇದ್ದಳು. ನೀರಿನ ಸುದ್ದಿಗೆ ಅಂತ ಎರಡು ಸಲ ಅವಳ ಖಾಲಿ ಕೊಡದ ಜೊತೆ ಅವಳ ಫೋಟೋ ತೆಗೆದಿದ್ದೆ. ಅವಳು ಅಂದಳು, "ನೀನು ಬರೆದಿದ್ದನ್ನ ಮೊಮ್ಮಗಳು ಓದಿ ಹೇಳ್ತಾಳಪ್ಪ. ಬರೆದಮೇಲೆ ಏನಾಯ್ತು ಅನ್ನೋದನ್ನ ಯಾವತ್ತೂ ಓದಿ ಹೇಳಲಿಲ್ಲ."

ಅವತ್ತು ರಾತ್ರಿ ನನ್ನ ಹಳೇ ಕಟಿಂಗ್‌ಗಳ ಫೈಲ್ ತೆಗೆದು ನೋಡಿದೆ. ನಮ್ಮೂರ ನೀರಿನ ಬಗ್ಗೆಯೇ ನಾಲ್ಕು ಸುದ್ದಿ. ನಾಲ್ಕರ ಕೊನೆಯಲ್ಲೂ ಒಂದೇ ಸಾಲು: "ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ ಕಾದು ನೋಡಬೇಕಿದೆ." ಆ ಸಾಲನ್ನು ಓದುವಾಗ ನಿಜವಾಗಿಯೂ ಮನಸ್ಸಿಗೆ ಕಷ್ಟವಾಯಿತು. ಕಾದು ನೋಡಿದವರು ಯಾರು? ನಾನಂತೂ ನೋಡಲಿಲ್ಲ. ಮಾರನೇ ದಿನವೇ ಬೇರೆ ಊರಿನ ಬೇರೆ ಸುದ್ದಿಗೆ ಹೋಗಿದ್ದೆ.

ಈಗ ನನ್ನ ಪ್ರಶ್ನೆ. ಪತ್ರಕರ್ತರು ಜನಪ್ರತಿನಿಧಿ ಆಗುವುದು ಸರಿಯಾ? ಆದವರು ಯಾರಾದರೂ ಇಲ್ಲಿದ್ದರೆ ನಿಮ್ಮ ಅನುಭವ ಹೇಳಿ. ಬೇಡ ಅನ್ನುವವರೂ ಬೇಡ ಅನ್ನಿ, ಬೇಜಾರಿಲ್ಲ.

ಮಲೆನಾಡ ಓದುಗ

ಬೇಡ ಅನ್ನುವವರಲ್ಲಿ ನಾನು ಮೊದಲಿಗ. ನಿಮ್ಮ ಮೇಲೆ ಅನುಮಾನವಿಲ್ಲ, ಆದರೆ ಕಂಡಿದ್ದು ಹೇಳುತ್ತೇನೆ. ನಮ್ಮ ಕಡೆ ಒಬ್ಬರು ವಾರಪತ್ರಿಕೆ ಇಟ್ಟುಕೊಂಡಿದ್ದರು. ಎರಡು ವರ್ಷ ಒಬ್ಬ ಸದಸ್ಯರ ಮೇಲೆ ವಾರವಾರ ಬರೆದರು. ಎಲ್ಲ ಸುಳ್ಳೂ ಅಲ್ಲ, ಎಲ್ಲ ನಿಜವೂ ಅಲ್ಲ. ಚುನಾವಣೆ ಬಂದಾಗ ಅದೇ ಸದಸ್ಯರ ಎದುರು ತಾವೇ ನಿಂತರು. ಆಗ ಊರಿಗೆ ಅರ್ಥವಾಯಿತು, ಎರಡು ವರ್ಷ ನಾವು ಓದಿದ್ದು ಸುದ್ದಿಯಲ್ಲ, ಪ್ರಚಾರ ಅಂತ. ಗೆದ್ದರೋ ಸೋತರೋ ಅದು ಬಿಡಿ. ಅದಾದ ಮೇಲೆ ನಮ್ಮೂರಿನಲ್ಲಿ ಯಾವ ವರದಿಗಾರ ಏನು ಬರೆದರೂ "ಇವನಿಗೂ ಟಿಕೆಟ್ ಬೇಕೇನೋ" ಅನ್ನುತ್ತಾರೆ. ಪ್ರಾಮಾಣಿಕವಾಗಿ ಬರೆಯುವ ಹುಡುಗರಿಗೆ ಅದರಿಂದ ಆದ ನಷ್ಟ ದೊಡ್ಡದು.

ಡೆಸ್ಕಿನ ಹಿರಿಯ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. 31 ವರ್ಷ ಸುದ್ದಿಮನೆಯಲ್ಲಿ ಕೆಲಸ ಮಾಡಿದವನು ನಾನು. ವರದಿಗಾರ ಒಂದು ದಿನ ರಾಜಕೀಯಕ್ಕೆ ಹೋಗುತ್ತಾನೆ ಅನ್ನುವುದು ನಮಗೆ ಡೆಸ್ಕಿನಲ್ಲಿ ಆರು ತಿಂಗಳು ಮೊದಲೇ ಕಾಣುತ್ತಿತ್ತು. ಒಂದು ಕಡೆಯವರ ಸುದ್ದಿ ಉದ್ದವಾಗುತ್ತದೆ. ಇನ್ನೊಂದು ಕಡೆಯವರಿಗೆ "ಪ್ರತಿಕ್ರಿಯೆಗೆ ಸಿಗಲಿಲ್ಲ" ಅಂತ ಬರುತ್ತದೆ. ಫೋನ್ ಮಾಡಿದ್ದೀರಾ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಆದ್ದರಿಂದ ನನ್ನ ಮಾತು ಒಂದೇ. ನಿಲ್ಲುವ ಯೋಚನೆ ಮನಸ್ಸಿಗೆ ಬಂದ ದಿನವೇ ಸಂಪಾದಕರಿಗೆ ಹೇಳಿ. ಗೆದ್ದ ದಿನ ಅಥವಾ ನಾಮಪತ್ರ ಹಾಕಿದ ದಿನದವರೆಗೆ ಕಾಯಬೇಡಿ. ಯೋಚನೆ ಬಂದ ದಿನದಿಂದಲೇ ನಿಮ್ಮ ಪಂಚಾಯಿತಿಯ ಒಂದು ಸಾಲನ್ನೂ ಬರೆಯಬೇಡಿ. ಚುನಾವಣೆ ಹೊತ್ತಿಗೆ ಕಾಸಿಗೆ ಸುದ್ದಿ ಬರೆಯುತ್ತಾರಾ ಅಂತ ನೋಡಲು ಚುನಾವಣಾ ಆಯೋಗ ಜಿಲ್ಲಾ ಮಟ್ಟದ ಮಾಧ್ಯಮ ಸಮಿತಿಗಳನ್ನು ಮಾಡುತ್ತದಲ್ವಾ? ಕಾಸು ಪಡೆಯದೇ ತನಗೆ ತಾನೇ ಬರೆದುಕೊಳ್ಳುವವನನ್ನು ಯಾವ ಸಮಿತಿ ಹಿಡಿಯುತ್ತದೆ? ಅದನ್ನು ನಾವೇ ತಡೆದುಕೊಳ್ಳಬೇಕು.

ಮೇಲಿನ ಬೀದಿ ಸದಸ್ಯೆ

ಆದವರು ಇದ್ದರೆ ಹೇಳಿ ಅಂದಿದ್ದೀರಿ. ನಾನು ಒಂದು ಜಿಲ್ಲಾ ಪತ್ರಿಕೆಯಲ್ಲಿ 11 ವರ್ಷ ವರದಿಗಾರ್ತಿಯಾಗಿದ್ದೆ. ಆಮೇಲೆ ಗ್ರಾಮ ಪಂಚಾಯಿತಿ ಸದಸ್ಯೆಯಾದೆ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಆ ಬಾಗಿಲು ಇಲ್ಲದಿದ್ದರೆ ನಾನು ಒಳಗೆ ಬರುತ್ತಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಕಟಿಂಗ್ ಫೈಲಿನ ಮಾತು ಓದಿ ನನ್ನದೇ ಕಥೆ ನೆನಪಾಯಿತು. ನಾನೂ ನಮ್ಮ ಮೇಲಿನ ಬೀದಿಯ ನೀರಿನ ಬಗ್ಗೆ ಮೂರು ಸಲ ಬರೆದಿದ್ದೆ. ಮೂರೂ ಸಲ ಒಂದೇ ರೀತಿ. ಹೆಂಗಸರು ಕೊಡ ಹಿಡಿದ ಫೋಟೋ, ಇಬ್ಬರ ಹೇಳಿಕೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೇಳಿಕೆ. ಪಿಡಿಒ ಪ್ರತಿ ಸಲ "ಕೊಳವೆ ಬಾವಿಯಲ್ಲಿ ನೀರು ಕಡಿಮೆಯಾಗಿದೆ, ಹೊಸದು ಕೊರೆಸಲು ಪ್ರಸ್ತಾವ ಕಳಿಸಿದ್ದೇವೆ" ಅನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತಿದ್ದೆ. ಎರಡೂ ಕಡೆಯವರನ್ನು ಕೇಳಿದ್ದೇನೆ, ಸುದ್ದಿ ಪೂರ್ತಿಯಾಯಿತು ಅಂದುಕೊಂಡಿದ್ದೆ.

ಸದಸ್ಯೆಯಾದ ಎರಡನೇ ವಾರ ಬೆಳಗಿನ ಜಾವ ನಾಲ್ಕೂವರೆಗೆ ನಮ್ಮ ನೀರುಗಂಟಿಯ ಹಿಂದೆ ಹೋದೆ. ಅವನು ಸೈಕಲ್ ತಳ್ಳಿಕೊಂಡು ಮುಂದೆ, ನಾನು ಟಾರ್ಚ್ ಹಿಡಿದು ಹಿಂದೆ. ಟ್ಯಾಂಕ್ ಹತ್ತಿ ನೋಡಿದೆ. ಟ್ಯಾಂಕ್ ತುಂಬಿತ್ತು! ಕೆಳಗಿನ ಬೀದಿಯ ತಿರುವಿನಲ್ಲಿ ಅವನು ಒಂದು ಕಲ್ಲುಚಪ್ಪಡಿ ಎತ್ತಿದ. ಒಳಗೆ ಕೆಸರು ನೀರು. ಕೈ ಹಾಕಿ ವಾಲ್ವ್ ತಿರುಗಿಸಿದ. ತಿರುಗುತ್ತಲೇ ಇತ್ತು. ಎಷ್ಟು ತಿರುಗಿಸಿದರೂ ಬಿಗಿಯಾಗಲಿಲ್ಲ. "ಅದರ ತಿರುಪು ಸವೆದೋಗಿದೆ ಅಕ್ಕ. ಇದು ಮುಚ್ಚಲ್ಲ. ಇದು ಮುಚ್ಚದಿದ್ರೆ ನೀರೆಲ್ಲ ಇಳಿಜಾರಿಗೆ ಹೋಗ್ತದೆ, ನಿಮ್ಮ ಬೀದಿಗೆ ಏರಲ್ಲ," ಅಂದ. ಎಷ್ಟು ದಿನದಿಂದ ಹೀಗಿದೆ ಅಂತ ಕೇಳಿದೆ. "ನಾಲ್ಕು ವರ್ಷ ಆಯ್ತು." ಯಾಕೆ ಯಾರಿಗೂ ಹೇಳಲಿಲ್ಲ ಅಂದೆ. "ಹೇಳ್ದೆ. ನೀವು ಕೇಳ್ಲಿಲ್ಲ."

ಮೂರು ಸುದ್ದಿ ಬರೆಯುವಾಗಲೂ ಅವನು ಅಲ್ಲೇ ಇದ್ದ. ಒಂದು ಫೋಟೋದ ಮೂಲೆಯಲ್ಲಿ ಅವನ ಸೈಕಲ್ ಕೂಡ ಇದೆ. ಅವನ ಹತ್ತಿರ ಹೇಳಿಕೆ ತಗೋಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಹೊಸ ಕೊಳವೆ ಬಾವಿ ಬೇಕಾಗಿರಲಿಲ್ಲ. ಬೇಕಾಗಿದ್ದು ಒಂದು ವಾಲ್ವ್.

ಈಗ ಎರಡನೇ ಭಾಗ. ಆ ವಾಲ್ವ್ ಬದಲಾಗಲು ಏಳು ತಿಂಗಳು ಹಿಡಿಯಿತು. ಗೊತ್ತಾದ ದಿನ ನನ್ನ ಕೈ ಬರೆಯಲು ಎಷ್ಟು ತುಡಿಯಿತು ಅಂದರೆ ಹೇಳಲಾರೆ. ಒಳ್ಳೇ ಸುದ್ದಿ ಅದು. ಆದರೆ ಬರೆದರೆ ನೀರುಗಂಟಿಗೆ ನೋಟಿಸ್ ಬರುತ್ತಿತ್ತು, ವಾಲ್ವ್ ಬರುತ್ತಿರಲಿಲ್ಲ. ಬದಲಿಗೆ ವಾರ್ಡ್ ಸಭೆ ಕರೆದೆ, ವಿಷಯ ಇಟ್ಟೆ, ನಿರ್ಣಯ ಬರೆಸಿದೆ, ಕ್ರಿಯಾ ಯೋಜನೆಯಲ್ಲಿ ಸೇರಿಸಲು ಇನ್ನೊಂದು ಸಾಮಾನ್ಯ ಸಭೆ ಕಾದೆ. ಆ ಏಳು ತಿಂಗಳಲ್ಲಿ ನಾನು ಕಲಿತಿದ್ದು 11 ವರ್ಷದಲ್ಲಿ ಕಲಿತಿರಲಿಲ್ಲ.

ನಿಲ್ಲಿ ಅಂತಲೇ ನನ್ನ ಅಭಿಪ್ರಾಯ.

ಹೊಸ ವರದಿಗಾರ್ತಿ

ಅಕ್ಕ, ನಿಮ್ಮ ಬರಹ ಎರಡು ಸಲ ಓದಿದೆ. ನಾಳೆಯಿಂದ ನೀರಿನ ಸುದ್ದಿಗೆ ಹೋದರೆ ಮೊದಲು ನೀರುಗಂಟಿಯನ್ನೇ ಹುಡುಕುತ್ತೇನೆ.

ಆದರೆ ನನಗೆ ಬೇರೆ ಚಿಂತೆ ಇದೆ. ನಾನು ಈ ಕೆಲಸಕ್ಕೆ ಬಂದು ಎರಡೂವರೆ ವರ್ಷ. ನಮ್ಮ ತಾಲ್ಲೂಕಿನಲ್ಲಿ ಕಡತ ಓದಲು ಬರುವ ವರದಿಗಾರರು ಮೂರೇ ಜನ. ಅವರಲ್ಲಿ ಒಬ್ಬರು ಸದಸ್ಯರಾಗಲು ಹೋದರೆ, ಇನ್ನೊಬ್ಬರು ಯಾವುದೋ ಜನಪ್ರತಿನಿಧಿಯ ಮಾಧ್ಯಮ ಕಾರ್ಯದರ್ಶಿ ಆದರೆ, ಬರೆಯುವವರು ಯಾರು? ಒಳ್ಳೆಯವರೆಲ್ಲ ಒಳಗೆ ಹೋದರೆ ಹೊರಗೆ ನಿಂತು ಕೇಳುವವರು ಬೇಡವಾ? ಒಬ್ಬ ಸದಸ್ಯ ಒಂದು ವಾರ್ಡ್ ನೋಡಿಕೊಳ್ಳಬಹುದು. ವರದಿಗಾರ ಇಡೀ ತಾಲ್ಲೂಕು ನೋಡುತ್ತಾನೆ.

ತಾಲ್ಲೂಕು ವರದಿಗಾರ

ಈ ಪ್ರಶ್ನೆಯೇ ನನಗೂ ನಿದ್ದೆ ಬರದಂತೆ ಮಾಡಿರುವುದು. ಉತ್ತರ ಇನ್ನೂ ಇಲ್ಲ.

ಲೈಬ್ರರಿ ಮೇಷ್ಟ್ರು

ಇದು ನಮಗೆ ಹೊಸ ಪ್ರಶ್ನೆಯಲ್ಲ. ಕನ್ನಡ ಪತ್ರಿಕೋದ್ಯಮದಲ್ಲಿ ಶುರುವಿನಿಂದಲೂ ಇದೆ. ಹಿಂದಿನವರು ಏನು ಮಾಡಿದರು ಅಂತ ನೋಡಿದರೆ ದಾರಿ ಸ್ವಲ್ಪ ಸ್ಪಷ್ಟವಾಗಬಹುದು.

ಡಿ.ವಿ. ಗುಂಡಪ್ಪನವರನ್ನು ಎಲ್ಲರೂ ಕಗ್ಗದ ಕವಿ ಅಂತ ನೆನೆಯುತ್ತಾರೆ. ಅವರ ಮೊದಲ ವೃತ್ತಿ ಪತ್ರಿಕೋದ್ಯಮ. ಮುಳಬಾಗಿಲಿನ ಹುಡುಗ, ಮೆಟ್ರಿಕ್ ದಾಟಲಿಲ್ಲ, ಬೆಂಗಳೂರಿಗೆ ಬಂದು ಪತ್ರಿಕೆಗಳಿಗೆ ಬರೆದು ಬದುಕಿದರು. 1913ರಲ್ಲಿ 'ಕರ್ನಾಟಕ' ಅನ್ನುವ ಇಂಗ್ಲಿಷ್ ಪತ್ರಿಕೆ ಶುರು ಮಾಡಿದರು. ಆಗ ದಿವಾನರು ವಿಶ್ವೇಶ್ವರಯ್ಯನವರು. ಇಬ್ಬರಿಗೂ ಪರಸ್ಪರ ಬಹಳ ಗೌರವ. ಆದರೂ ಪತ್ರಿಕೆ ಸರ್ಕಾರದ ತುತ್ತೂರಿ ಆಗಲಿಲ್ಲ. ಮುಂದೆ ಅವರು ಬೆಂಗಳೂರು ಪುರಸಭೆಯಲ್ಲಿ ಕೂತರು, ಮೈಸೂರು ಶಾಸನ ಪರಿಷತ್ತಿನಲ್ಲಿ ಕೂತರು, ವಿಶ್ವವಿದ್ಯಾಲಯದ ಆಡಳಿತದಲ್ಲಿ ಕೆಲಸ ಮಾಡಿದರು.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸುವುದು 1945ರಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಪ್ರಜೆಗಳಿಗೆ ರಾಜ್ಯದ ವಿಷಯ ಓದಿ, ಚರ್ಚಿಸಿ, ತಿಳಿದುಕೊಳ್ಳುವ ಅಭ್ಯಾಸ ಇರಬೇಕು ಅನ್ನುವುದು ಅದರ ಉದ್ದೇಶ. ಬೆಂಗಳೂರಿನ ಬಸವನಗುಡಿಯಲ್ಲಿ ಈಗಲೂ ಇದೆ. ಅವರ ಮುಪ್ಪಿನಲ್ಲಿ ಸನ್ಮಾನ ಮಾಡಿ ಕೊಟ್ಟ ನಿಧಿಯನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಹೊಸ ವರದಿಗಾರ್ತಿ ಕೇಳಿದ ಪ್ರಶ್ನೆಗೆ ಇದೂ ಒಂದು ಉತ್ತರ ಅನಿಸುತ್ತದೆ. ಕುರ್ಚಿ ಬೇಕೇ ಬೇಕು ಅಂತಿಲ್ಲ. ಜನ ತಾವೇ ಪ್ರಶ್ನೆ ಕೇಳುವ ಜಾಗ ಒಂದನ್ನು ಕಟ್ಟಿದರೂ ಅದು ಸಾರ್ವಜನಿಕ ಸೇವೆಯೇ.

ಅವರಿಗಿಂತ ಹಿಂದಿನ ತಲೆಮಾರಿನಲ್ಲಿ ಮೈಸೂರಿನ ತಾತಯ್ಯ, ಅಂದರೆ ಎಂ. ವೆಂಕಟಕೃಷ್ಣಯ್ಯ. ಮೇಷ್ಟ್ರೂ ಹೌದು, ಪತ್ರಿಕೆಗಳ ಸಂಪಾದಕರೂ ಹೌದು, ಅನಾಥಾಲಯ ಕಟ್ಟಿದವರೂ ಹೌದು. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಕಟ್ಟುನಿಟ್ಟಿನ ಕಾನೂನು ತಂದಾಗ, ಅದಕ್ಕೆ ತಲೆಬಾಗುವುದಕ್ಕಿಂತ ನಿಲ್ಲಿಸುವುದೇ ಮೇಲು ಅಂತ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು.

ಉತ್ತರ ಕರ್ನಾಟಕದಲ್ಲಿ ರಂಗನಾಥ ದಿವಾಕರರು. 1921ರಲ್ಲಿ ಧಾರವಾಡದಲ್ಲಿ 'ಕರ್ಮವೀರ' ಶುರು ಮಾಡಿದವರು, ಬ್ರಿಟಿಷರ ಜೈಲು ಕಂಡವರು. ಸ್ವಾತಂತ್ರ್ಯ ಬಂದಮೇಲೆ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದರು, ಆಮೇಲೆ ಬಿಹಾರದ ರಾಜ್ಯಪಾಲರಾದರು. ಪಾಟೀಲ ಪುಟ್ಟಪ್ಪನವರು 'ಪ್ರಪಂಚ' ವಾರಪತ್ರಿಕೆ ನಡೆಸುತ್ತಲೇ 1962ರಿಂದ 1974ರವರೆಗೆ ರಾಜ್ಯಸಭೆಯಲ್ಲಿದ್ದರು. ಮುಂದೆ ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾಗಿ ಸರ್ಕಾರಿ ಕಚೇರಿಗಳಿಗೆ ಹೋಗಿ, ಕಡತ ಯಾವ ಭಾಷೆಯಲ್ಲಿದೆ ತೋರಿಸಿ ಅಂತ ಕೇಳಿದರು. ಅದು ವರದಿಗಾರನ ಕೆಲಸವೇ, ಆದರೆ ಈ ಸಲ ಅಧಿಕಾರಿ ಕಡತ ತೋರಿಸಲೇಬೇಕಿತ್ತು.

ಕರಾವಳಿ ಅಕ್ಕ

ಮೇಷ್ಟ್ರೇ, ದಿನಕರ ದೇಸಾಯಿಯವರನ್ನು ಬಿಟ್ಟುಬಿಟ್ಟಿರಲ್ಲ! ನಮ್ಮ ಉತ್ತರ ಕನ್ನಡದವರು. ಚುಟುಕ ಬ್ರಹ್ಮ ಅಂತ ಎಲ್ಲರಿಗೂ ಗೊತ್ತು. ಗೇಣಿ ರೈತರ ಹೋರಾಟ ಕಟ್ಟಿದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಮೂಲೆಮೂಲೆಗೆ ಶಾಲೆ ತಂದರು. 'ಜನಸೇವಕ' ವಾರಪತ್ರಿಕೆ ನಡೆಸಿದರು. 1967ರಲ್ಲಿ ಲೋಕಸಭೆಗೆ ಗೆದ್ದರು. ನಮ್ಮ ಅಪ್ಪ ಓದಿದ್ದು ಅವರ ಶಾಲೆಯಲ್ಲಿ. ಅಪ್ಪನಿಗೆ ಅವರ ಪತ್ರಿಕೆಯೂ ನೆನಪಿಲ್ಲ, ಸಂಸತ್ತಿನ ಭಾಷಣವೂ ಗೊತ್ತಿಲ್ಲ. ಮಳೆಗಾಲದಲ್ಲಿ ಹೊಳೆ ದಾಟದೆ ಶಾಲೆಗೆ ಹೋಗಬಹುದಾಗಿತ್ತು, ಅದು ಮಾತ್ರ ನೆನಪಿದೆ.

ಇನ್ನೊಬ್ಬರನ್ನೂ ಸೇರಿಸುತ್ತೇನೆ, ಯಾಕೆಂದರೆ ಈ ಪಟ್ಟಿ ಮಾಡುವಾಗ ಹೆಂಗಸರು ಯಾವಾಗಲೂ ತಪ್ಪಿಹೋಗುತ್ತಾರೆ. ಆರ್. ಕಲ್ಯಾಣಮ್ಮ. ಬಾಲವಿಧವೆ. 'ಸರಸ್ವತಿ' ಮಾಸಪತ್ರಿಕೆಯನ್ನು ಸುಮಾರು ನಾಲ್ಕು ದಶಕ ನಡೆಸಿದರು. 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟ ಕಟ್ಟಿದರು. ಚಾಮರಾಜಪೇಟೆ ಕಡೆಯವರಿಗೆ ಮಕ್ಕಳ ಕೂಟ ಅಂದರೆ ಬಸ್ ಸ್ಟಾಪಿನ ಹೆಸರು. ಅದರ ಹಿಂದೆ ಒಬ್ಬ ಸಂಪಾದಕಿ ಇದ್ದರು ಅಂತ ಎಷ್ಟು ಜನಕ್ಕೆ ಗೊತ್ತು?

ಮಲೆನಾಡ ಓದುಗ

ಇವರೆಲ್ಲ ದೊಡ್ಡವರು, ಒಪ್ಪಿದೆ. ಆದರೆ ಆ ಕಾಲ ಬೇರೆ. ಅವತ್ತು ಪತ್ರಿಕೆ ಅನ್ನುವುದೇ ಚಳವಳಿಯ ಭಾಗ. ಸಂಪಾದಕ, ಹೋರಾಟಗಾರ, ಮುಖಂಡ ಮೂರೂ ಒಬ್ಬನೇ, ಅದು ಓದುಗನಿಗೂ ಗೊತ್ತಿತ್ತು. ಇವತ್ತಿನ ವರದಿಗಾರ "ನಾನು ಯಾರ ಪರವೂ ಅಲ್ಲ" ಅಂತ ಮಾತು ಕೊಟ್ಟು ಬರೆಯುತ್ತಾನೆ. ಮಾತು ಕೊಟ್ಟಮೇಲೆ ಪಕ್ಷ ಬದಲಾಯಿಸಿದರೆ ಮೋಸ ಹೋದಂತೆ ಅನಿಸುವುದು ಸಹಜ ಅಲ್ವಾ? ಹಳಬರ ಉದಾಹರಣೆ ಇಲ್ಲಿ ಪೂರ್ತಿ ಕೂರುವುದಿಲ್ಲ.

ಲೈಬ್ರರಿ ಮೇಷ್ಟ್ರು

ಈ ವ್ಯತ್ಯಾಸ ಸರಿಯಾಗಿ ಹಿಡಿದಿದ್ದೀರಿ. ಒಪ್ಪುತ್ತೇನೆ.

ಕಾನೂನು ವಿದ್ಯಾರ್ಥಿ

ಕಾನೂನಿನ ಕಡೆಯಿಂದ ಎರಡು ಮಾತು, ಇದು ಕೆಲವರಿಗೆ ಹೊಸದಾಗಿರಬಹುದು.

ರಾಜ್ಯಸಭೆಗೆ ರಾಷ್ಟ್ರಪತಿ 12 ಜನರನ್ನು ನಾಮಕರಣ ಮಾಡುತ್ತಾರೆ. ಸಂವಿಧಾನದ 80ನೇ ವಿಧಿ ಹೇಳುವುದು ಸಾಹಿತ್ಯ, ವಿಜ್ಞಾನ, ಕಲೆ, ಸಮಾಜ ಸೇವೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನದಲ್ಲಿ 11 ನಾಮಕರಣದ್ದು. 171ನೇ ವಿಧಿಯಲ್ಲಿ ಈ ನಾಲ್ಕರ ಜೊತೆಗೆ ಸಹಕಾರ ಚಳವಳಿ ಸೇರುತ್ತದೆ. ಎರಡು ಕಡೆಯೂ ಪತ್ರಿಕೋದ್ಯಮ ಅನ್ನುವ ಪದ ಇಲ್ಲ. ಪತ್ರಕರ್ತರು ಬಂದರೆ ಸಾಹಿತ್ಯದ ಅಥವಾ ಸಮಾಜ ಸೇವೆಯ ಬಾಗಿಲಿನಿಂದ ಬರಬೇಕು.

ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಆ ಪದ ಇದೆ. ಮಾಹಿತಿ ಆಯುಕ್ತರಾಗಲು ಯಾವ ಕ್ಷೇತ್ರದ ಅನುಭವ ಇರಬೇಕು ಅಂತ ಹೇಳುವಾಗ ಕಾನೂನು, ವಿಜ್ಞಾನ, ಸಮಾಜ ಸೇವೆ, ಆಡಳಿತದ ಜೊತೆಗೆ ಪತ್ರಿಕೋದ್ಯಮ, ಸಮೂಹ ಮಾಧ್ಯಮ ಅಂತ ಸ್ಪಷ್ಟವಾಗಿ ಬರೆದಿದೆ. ಜೊತೆಗೆ ಒಂದು ಷರತ್ತೂ ಇದೆ. ಆಯುಕ್ತರಾದವರು ಸಂಸದರೋ ಶಾಸಕರೋ ಆಗಿರಬಾರದು, ಲಾಭದ ಹುದ್ದೆಯಲ್ಲಿರಬಾರದು, ಯಾವ ರಾಜಕೀಯ ಪಕ್ಷದ ಜೊತೆಗೂ ನಂಟು ಇರಬಾರದು, ಬೇರೆ ವ್ಯಾಪಾರ ಅಥವಾ ವೃತ್ತಿ ನಡೆಸಬಾರದು. ಅಂದರೆ ನಿಮ್ಮ ಅನುಭವ ತನ್ನಿ, ವೃತ್ತಿ ಬಿಟ್ಟು ಬನ್ನಿ ಅಂತ. ಡೆಸ್ಕಿನ ಹಿರಿಯರು ಹೇಳಿದ್ದನ್ನೇ ಕಾನೂನೂ ಹೇಳುತ್ತಿದೆ ನೋಡಿ. ಪಂಚಾಯಿತಿ ಸದಸ್ಯರಿಗೆ ಈ ಷರತ್ತು ಅನ್ವಯಿಸದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಳ್ಳಲು ಒಳ್ಳೇ ಅಳತೆಗೋಲು.

ಡೆಸ್ಕಿನ ಹಿರಿಯ

ಮಾಧ್ಯಮ ಕಾರ್ಯದರ್ಶಿ ಕೆಲಸದ ಮಾತು ಮೇಲೆ ಬಂತು. ಅದನ್ನು ಇದರ ಜೊತೆ ಸೇರಿಸಬೇಡಿ. ಹೊಟ್ಟೆಪಾಡಿಗೆ ಹೋಗುವವರನ್ನು ನಾನು ತಪ್ಪು ಅನ್ನುವುದಿಲ್ಲ, ವರದಿಗಾರರ ಸಂಬಳ ನನಗೆ ಗೊತ್ತು. ಆದರೆ ಅಲ್ಲಿ ಒಬ್ಬ ವ್ಯಕ್ತಿಗೆ ಉತ್ತರ ಕೊಡಬೇಕು. ಸದಸ್ಯ ಊರಿಗೆ ಉತ್ತರ ಕೊಡಬೇಕು.

ನಿವೃತ್ತ ಪಿಡಿಒ

ಎಲ್ಲರದ್ದೂ ಓದಿದೆ. ಈಗ ಮೇಜಿನ ಈ ಕಡೆಯವನ ಮಾತು ಕೇಳಿ. ಮೊದಲು ಕಾರ್ಯದರ್ಶಿ, ಆಮೇಲೆ ಪಿಡಿಒ, ಒಟ್ಟು 26 ವರ್ಷ. ಪತ್ರಕರ್ತರಾಗಿದ್ದು ಸದಸ್ಯರಾದ ಇಬ್ಬರ ಜೊತೆ ಕೆಲಸ ಮಾಡಿದ್ದೇನೆ. ಹೆಸರು ಬೇಡ.

ಮೊದಲನೆಯವರು ಪ್ರತಿ ಸಭೆಗೂ ಪ್ರೆಸ್‌ಮೀಟಿಗೆ ಬಂದಂತೆ ಬರುತ್ತಿದ್ದರು. ಗಟ್ಟಿ ಪ್ರಶ್ನೆ ಕೇಳುತ್ತಿದ್ದರು. ಪ್ರಶ್ನೆಗಳು ಚೆನ್ನಾಗಿಯೇ ಇರುತ್ತಿದ್ದವು. ಆದರೆ ಸಂಜೆಯೊಳಗೆ ಉತ್ತರ ಬೇಕು, ಮರುದಿನ ಕೆಲಸ ಆಗಬೇಕು. ಆಗದಿದ್ದರೆ ನಮ್ಮನ್ನು ಕಳ್ಳರು ಅನ್ನುತ್ತಿದ್ದರು. ಎರಡು ವರ್ಷದಲ್ಲಿ ಸಾಕಾಗಿ ಸಭೆಗೆ ಬರುವುದನ್ನೇ ಬಿಟ್ಟರು. ನನಗೆ ಅದು ಈಗಲೂ ಬೇಸರದ ವಿಷಯ. ಅವರು ಕೆಟ್ಟವರಲ್ಲ. ದಿನಕ್ಕೊಂದು ಸುದ್ದಿ ಮುಗಿಸಿ ಅಭ್ಯಾಸವಾದವರು, ಅಷ್ಟೇ.

ಎರಡನೆಯವರು ಮೊದಲ ಆರು ತಿಂಗಳು ಮಾತೇ ಆಡಲಿಲ್ಲ. ಮಧ್ಯಾಹ್ನದ ಹೊತ್ತು ಕಚೇರಿಗೆ ಬಂದು ಕಡತ ಕೇಳುತ್ತಿದ್ದರು. ಒಂದು ಕೆಲಸ ಹುಟ್ಟಿದಲ್ಲಿಂದ ಬಿಲ್ಲು ಪಾಸಾಗುವವರೆಗೆ ಎಲ್ಲೆಲ್ಲಿ ಹೋಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ವಾರ್ಡ್ ಸಭೆ, ಗ್ರಾಮ ಸಭೆ, ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು. ಒಂದು ದಿನ ಚರಂಡಿ ಕೆಲಸದ ಅಳತೆ ಪುಸ್ತಕ ತೆಗೆದುಕೊಂಡು, ಟೇಪ್ ಹಿಡಿದು ಚರಂಡಿಗೇ ಹೋದರು. ಪುಸ್ತಕದಲ್ಲಿ ಇದ್ದ ಉದ್ದಕ್ಕೂ ಅಲ್ಲಿದ್ದ ಉದ್ದಕ್ಕೂ ವ್ಯತ್ಯಾಸ ಇತ್ತು. ಕೂಗಾಡಲಿಲ್ಲ. ಮುಂದಿನ ಸಭೆಯಲ್ಲಿ ಎರಡು ಅಂಕಿಯನ್ನೂ ಓದಿ, ನಡಾವಳಿಯಲ್ಲಿ ದಾಖಲಿಸಿ ಅಂದರು. ಅಷ್ಟೇ ಸಾಕಾಯಿತು, ಬಿಲ್ಲು ನಿಂತಿತು. ವರದಿಗಾರನ ವಿದ್ಯೆ ಪಂಚಾಯಿತಿಯಲ್ಲಿ ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ನಾನು ಅವತ್ತು ನೋಡಿದೆ.

ನಿಲ್ಲುವವರಿಗೆ ಇನ್ನೊಂದು ವಿಷಯ. ದುಡ್ಡು ಬರುವ ದಾರಿ ತಿಳಿದುಕೊಳ್ಳಿ. 15ನೇ ಹಣಕಾಸು ಆಯೋಗದ ಅನುದಾನ ಅಂತ ಸುದ್ದಿಯಲ್ಲಿ ಬರೆಯುತ್ತೀರಿ. 2021ರಿಂದ 2026ರವರೆಗಿನ ಆ ಅನುದಾನದಲ್ಲಿ ಶೇ 60 ಭಾಗ ನಿರ್ಬಂಧಿತ, ಅಂದರೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು. ಅದರಲ್ಲಿ ರಸ್ತೆ ಮಾಡಿ ಅಂದರೆ ಮಾಡಲಾಗುವುದಿಲ್ಲ. ಜನ ಸದಸ್ಯನನ್ನು ಬೈಯುತ್ತಾರೆ, ಸದಸ್ಯ ಪಿಡಿಒನನ್ನು ಬೈಯುತ್ತಾನೆ. ಈ ನಿಯಮವನ್ನು ಜನರಿಗೆ ಅರ್ಥವಾಗುವಂತೆ ಬಿಡಿಸಿ ಹೇಳುವವರೇ ಇಲ್ಲ. ಪತ್ರಕರ್ತ ಸದಸ್ಯನಾದರೆ ಈ ಒಂದು ಕೆಲಸ ಮಾಡಿದರೂ ದೊಡ್ಡ ಉಪಕಾರ.

ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. 400 ಜನರ ಮನೆ ಬಾಗಿಲಿಗೆ ಹೋಗಿ ಹೇಳಬಹುದು, ಅಸಾಧ್ಯವೇನಲ್ಲ. ಅಲ್ಲದೆ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಪತ್ರಕರ್ತನಿಗೆ ಇದಕ್ಕಿಂತ ಸ್ವಚ್ಛವಾದ ಬಾಗಿಲು ಬೇರೆ ಇಲ್ಲ ಅಂತ ನನ್ನ ಅನಿಸಿಕೆ.

ಮೇಲಿನ ಬೀದಿ ಸದಸ್ಯೆ

ಪಿಡಿಒ ಸಾರ್ ಹೇಳಿದ್ದರಲ್ಲಿ ಒಂದು ಸೇರಿಸುತ್ತೇನೆ. ಮಾಹಿತಿ ಹಕ್ಕಿನ 4ನೇ ಸೆಕ್ಷನ್ ಪ್ರಕಾರ ಕಚೇರಿಗಳು ಯಾರೂ ಕೇಳದೆಯೇ 17 ಬಗೆಯ ಮಾಹಿತಿ ಪ್ರಕಟಿಸಬೇಕು. ವರದಿಗಾರ್ತಿಯಾಗಿದ್ದಾಗ ನಾನು ಅರ್ಜಿ ಹಾಕುತ್ತಿದ್ದೆ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿ ಶುಲ್ಕ, ಆಮೇಲೆ 30 ದಿನ ಕಾಯುವುದು. ಈಗ ಅರ್ಜಿ ಬೇಕಿಲ್ಲ. ನಮ್ಮ ವಾರ್ಡಿನ ಪ್ರತಿ ಕೆಲಸದ ಮೊತ್ತ, ಗುತ್ತಿಗೆದಾರ, ಮುಗಿಯುವ ದಿನಾಂಕ ಇಷ್ಟನ್ನು ಅಂಗನವಾಡಿ ಗೋಡೆಯ ಕಪ್ಪು ಹಲಗೆ ಮೇಲೆ ನಾನೇ ಬರೆಯುತ್ತೇನೆ. ತಿಂಗಳಿಗೊಮ್ಮೆ. ಶೀರ್ಷಿಕೆ ಕೊಡುವ ಆಸೆ ಈಗಲೂ ಹೋಗಿಲ್ಲ, ಬರೀ ಅಂಕಿ ಬರೆಯುತ್ತೇನೆ. ಜನ ನಿಂತು ಓದುತ್ತಾರೆ. ತಪ್ಪಿದ್ದರೆ ಹೇಳುತ್ತಾರೆ. ಎರಡು ಸಲ ತಪ್ಪಿತ್ತು, ತಿದ್ದಿದ್ದೇನೆ.

ಹೊಸ ವರದಿಗಾರ್ತಿಗೆ: ನನ್ನ ಬಗ್ಗೆಯೂ ಬರೆಯಮ್ಮ, ತಪ್ಪು ಕಂಡರೆ. ನನ್ನ ಹಳೇ ಪತ್ರಿಕೆಯವರು ಒಮ್ಮೆ ಬರೆದರು, ನಮ್ಮ ವಾರ್ಡಿನ ಕಸದ ಬಗ್ಗೆ. ಫೋನ್ ಮಾಡಿದ ಹುಡುಗನಿಗೆ ನಾನೇ ಕೆಲಸ ಕಲಿಸಿದ್ದು. ಅವನು ಬಹಳ ಸಂಕೋಚದಿಂದ ಕೇಳಿದ. ನಾನು ಫೋನ್ ಎತ್ತಿದೆ, ಇದ್ದದ್ದು ಇದ್ದಂತೆ ಹೇಳಿದೆ. ಪ್ರತಿಕ್ರಿಯೆಗೆ ಸಿಗಲಿಲ್ಲ ಅಂತ ನನ್ನ ಹೆಸರಿನ ಮುಂದೆ ಬರಬಾರದು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ.

ಹೊಸ ವರದಿಗಾರ್ತಿ

ಅಕ್ಕ, ಆ ಹುಡುಗನ ಜಾಗದಲ್ಲಿ ನಾನಿದ್ದರೆ ಫೋನ್ ಮಾಡುವ ಧೈರ್ಯ ಬರುತ್ತಿತ್ತೋ ಇಲ್ಲವೋ. ಕಲಿಯುತ್ತೇನೆ.

ಮಲೆನಾಡ ಓದುಗ

ಮೊದಲು ಬೇಡ ಅಂದವನು ನಾನು. ಈಗ ಹೀಗೆ ಹೇಳುತ್ತೇನೆ: ಕೆಲಸ ಬಿಟ್ಟು, ಊರಿಗೆ ಗೊತ್ತಾಗುವಂತೆ ಬಿಟ್ಟು, ಒಂದಷ್ಟು ತಿಂಗಳು ಸುಮ್ನೆ ಕಳೆದು, ಆಮೇಲೆ ನಿಂತರೆ ನನ್ನ ತಕರಾರಿಲ್ಲ. ಇವತ್ತು ಸುದ್ದಿಯ ಮೇಲೆ ಹೆಸರು (ಬೈಲೈನ್), ನಾಳೆ ಬ್ಯಾನರ್ ಆದರೆ ನನ್ನ ವೋಟಿಲ್ಲ.

ತಾಲ್ಲೂಕು ವರದಿಗಾರ

ಇಪ್ಪತ್ತು ದಿನ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಆದದ್ದನ್ನು ಹೇಳುತ್ತೇನೆ.

ಸಂಪಾದಕರ ಹತ್ತಿರ ಹೋಗಿ ಇದ್ದ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತೇ ಹೇಳಿದ್ದು ಒಳ್ಳೇದಾಯ್ತು" ಅಂದರು. ತಿಂಗಳ ಕೊನೆಗೆ ಬಿಡುತ್ತಿದ್ದೇನೆ. ಅಲ್ಲಿಯವರೆಗೆ ನಮ್ಮ ಪಂಚಾಯಿತಿಯ ಸುದ್ದಿ ಬೇರೆಯವರು ಮಾಡುತ್ತಾರೆ. ಮಾನ್ಯತಾ ಕಾರ್ಡ್ ವಾಪಸ್ ಕೊಡುತ್ತಿದ್ದೇನೆ. ಬೈಕಿನ ಮೇಲಿದ್ದ 'ಪ್ರೆಸ್' ಸ್ಟಿಕರ್ ಮೊನ್ನೆಯೇ ಕಿತ್ತೆ. ಅದರ ಗುರುತು ಇನ್ನೂ ಹೋಗಿಲ್ಲ, ಸೀಮೆಎಣ್ಣೆ ಹಾಕಿ ಉಜ್ಜಬೇಕು. ಮನೆಯವಳು ಖರ್ಚಿನ ಲೆಕ್ಕ ಕೇಳಿದಳು, ಕೇಳಬೇಕಾದ್ದೇ. ಸದಸ್ಯರ ಗೌರವಧನದಲ್ಲಿ ಮನೆ ನಡೆಯುವುದಿಲ್ಲ. ಎರಡು ಎಕರೆ ತೋಟ ಇದೆ, ಅನುವಾದದ ಕೆಲಸ ಸ್ವಲ್ಪ ಸಿಗುತ್ತದೆ. ನಿಂತರೂ ಗೆಲ್ಲುತ್ತೇನೆ ಅಂತ ಏನಿಲ್ಲ. ಗೆಲ್ಲದಿದ್ದರೆ ಮೇಷ್ಟ್ರು ಹೇಳಿದ ದಾರಿ ಇದ್ದೇ ಇದೆ, ವಾರಕ್ಕೊಮ್ಮೆ ನಮ್ಮೂರ ಗ್ರಂಥಾಲಯದಲ್ಲಿ ಕೂತು ಪಂಚಾಯಿತಿಯ ಕಾಗದ ಓದಿ ಹೇಳುವುದು. ಅದನ್ನು ಈ ಭಾನುವಾರದಿಂದಲೇ ಶುರು ಮಾಡೋಣ ಅಂತ ಇದ್ದೇನೆ.

ಹೊಸ ವರದಿಗಾರ್ತಿಯ ಪ್ರಶ್ನೆ ಇನ್ನೂ ಚುಚ್ಚುತ್ತಿದೆ. ನನ್ನ ಜಾಗಕ್ಕೆ ಬರುತ್ತಿರುವ ಹುಡುಗನಿಗೆ 17 ವರ್ಷದ ನನ್ನ ಫೋನ್ ನಂಬರುಗಳ ಪುಸ್ತಕ ಮತ್ತು ಕಟಿಂಗ್ ಫೈಲ್ ಕೊಟ್ಟಿದ್ದೇನೆ. ಫೈಲಿನ ಮೇಲೆ, ಯಾವ ಯಾವ ಸುದ್ದಿಗೆ ನಾನು ಮತ್ತೆ ಹೋಗಲಿಲ್ಲ ಅಂತ ಪಟ್ಟಿ ಅಂಟಿಸಿದ್ದೇನೆ. 63 ಇದೆ.

ಇನ್ನು, ಸದಸ್ಯೆ ಅಕ್ಕ ಹೇಳಿದಂತೆ ನಮ್ಮ ನೀರುಗಂಟಿಯ ಹಿಂದೆ ಬೆಳಗಿನ ಜಾವ ಹೋದೆ. ನೋಟ್‌ಬುಕ್ ಮನೆಯಲ್ಲೇ ಬಿಟ್ಟು ಹೋಗಿದ್ದೆ. ನಮ್ಮಲ್ಲಿ ವಾಲ್ವ್ ಸರಿಯಿದೆ. ತೊಂದರೆ ಇರುವುದು ಪಂಪಿನ ಹತ್ತಿರ. ತ್ರೀಫೇಸ್ ಕರೆಂಟ್ ಬರುವ ಹೊತ್ತಿಗೆ ಅವನು ಎರಡು ಕಿಲೋಮೀಟರ್ ನಡೆದು ಹೋಗಿ ಸ್ಟಾರ್ಟರ್ ಒತ್ತಬೇಕು. ರಾತ್ರಿ ಒಂದು ಗಂಟೆಗೆ ಕರೆಂಟ್ ಬಂದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಅವತ್ತು ಟ್ಯಾಂಕ್ ಅರ್ಧವೇ ತುಂಬುತ್ತದೆ, ಮೇಲಿನ ಕೇರಿಗೆ ನೀರು ಏರುವುದಿಲ್ಲ. ಅವನ ವಯಸ್ಸು 58. ಕಾಲು ಊದಿಕೊಂಡಿತ್ತು.

ಪಿಡಿಒ ಸಾರ್, ಪಂಪಿಗೆ ಆಟೋ ಸ್ಟಾರ್ಟರ್ ಹಾಕಿಸಬೇಕೆಂದರೆ ಅದು ನಿರ್ಬಂಧಿತ ಅನುದಾನದಲ್ಲಿ ಬರುತ್ತದಾ, ಇಲ್ಲ ಪಂಚಾಯಿತಿಯ ಸ್ವಂತ ನಿಧಿಯಲ್ಲಿ ಮಾಡಬೇಕಾ? ನಾನು ಇನ್ನೂ ಯಾರೂ ಅಲ್ಲ, ಆದರೆ ಮುಂದಿನ ಗ್ರಾಮ ಸಭೆಯಲ್ಲಿ ಊರಿನವನಾಗಿ ಕೇಳಬಹುದಲ್ವಾ?

ನಿವೃತ್ತ ಪಿಡಿಒ

ಧಾರಾಳವಾಗಿ ಕೇಳಬಹುದು. ಕುಡಿಯುವ ನೀರಿನ ಕೆಲಸವೇ ಅದು. ಬರೀ ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಪಂಪಿನ ಅಶ್ವಶಕ್ತಿ ಎಷ್ಟು, ಈಗಿರುವ ಪ್ಯಾನೆಲ್ ಬೋರ್ಡ್ ಯಾವ ವರ್ಷದ್ದು, ಎರಡನ್ನೂ ನೋಡಿಕೊಂಡು ಬನ್ನಿ. ಅರ್ಜಿ ಹೇಗೆ ಬರೆಯಬೇಕು ಅಂತ ನಾನು ಹೇಳುತ್ತೇನೆ. ನೀರುಗಂಟಿಯನ್ನೂ ಸಭೆಗೆ ಕರೆದುಕೊಂಡು ಹೋಗಿ.